ನಗದೆ ಕುಳಿತ ಟೀಚರ್

ಕಳೆದ ಬೇಸಗೆ ರಜೆಯಲ್ಲಿ ಧರ್ಮಕೇಂದ್ರದ ಮಕ್ಕಳಿಗಾಗಿ ನಡೆಸಿದ ಶಿಬಿರದ ಕೊನೆಯ ಸಂಜೆ ಸಭಾಭವನದ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ ಒಂದು ಚಲನಚಿತ್ರವನ್ನು ತೋರಿಸಿದೆವು. ರಿಷಬ್ ಶೆಟ್ಟಿಯವರ ನಿರ್ದೇಶನದಲ್ಲಿ 2018ರ ಆಗಸ್ಟ್ ತಿಂಗಳಲ್ಲಿ ತೆರೆಗೆ ಬಂದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರವನ್ನು ನಮ್ಮ ಕಡೆ ನೋಡದವರು ಕಡಿಮೆ. ಆದರೂ ಅಜ್ಜ ಅಜ್ಜಿಯರ ಸಹಿತ ಮನೆಮಂದಿಯೆಲ್ಲ ಬಂದು ಕುಳಿತರು. ಕೇರಳ ರಾಜ್ಯದೊಳಗಿದ್ದೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಬೇಳ, ಕಯ್ಯಾರು, ಮಂಜೇಶ್ವರಗಳಂಥ ಊರುಗಳ ಜನರಿಗೆ ಇದು ತಮ್ಮ ಅಂಗಳದಲ್ಲೇ ನಡೆದ ಕಥೆ.

ಕನ್ನಡ ಮಾಧ್ಯಮದ ಆ ಶಾಲೆಗೆ ಮಲಯಾಳ ಮಾತ್ರ ಬಲ್ಲ ಗಣಿತ ಅಧ್ಯಾಪಕನೊಬ್ಬ ಬಂದು ತನ್ನ ಭಾಷೆಯಲ್ಲೇ ಪಾಠವನ್ನು ಆರಂಭಿಸುವ ಸನ್ನಿವೇಶ ಬಂದಾಗ ಸಭಾಭವನದ ಹೆಂಚು ಹಾರುವಂತೆ ನಗು ಎದ್ದಿತು. ನಾನೂ ನಕ್ಕೆ. ನಗುತ್ತ ಹಿಂದಿರುಗಿ ನೋಡಿದಾಗ ಕೊನೆಯ ಸಾಲಿನಲ್ಲಿ ಒಬ್ಬರು ನಗದೆ ಕುಳಿತಿದ್ದರು. ಕಾಸರಗೋಡಿನ ಪೂರ್ವಕ್ಕಿರುವ ಮಲೆಸೀಮೆಯ ಮಲಯಾಳಿ ಕ್ರೈಸ್ತ ಕುಟುಂಬದವರು; ಹತ್ತಿರದ ಸರಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸುವವರು. ನಮ್ಮ ಧರ್ಮಕೇಂದ್ರದ ಮಕ್ಕಳು ದಾರಿಯಲ್ಲಿ ಆಕೆಯನ್ನು ಕಂಡರೆ ಓಡಿಹೋಗಿ ಕೈ ಹಿಡಿಯುತ್ತಾರೆ. ಚಿತ್ರ ಮುಗಿದ ಮೇಲೆ ಕುರ್ಚಿಗಳನ್ನು ಎತ್ತಿಡಲು ನೆರವಾಗುತ್ತಿದ್ದ ಆಕೆಯನ್ನು, “ಏನು ಟೀಚರ್, ಚಿತ್ರ ಹಿಡಿಸಲಿಲ್ಲವೇ?” ಎಂದು ಕೇಳಿದೆ. “ಆ ಮಾಷ್ ನಾನೇ ಅಲ್ಲವಾ ಫಾದರ್?” ಎಂದರು. ಹದಿಮೂರು ವರ್ಷಗಳ ಹಿಂದೆ ನೇಮಕದ ಆದೇಶ ಕೈಗೆ ಬಂದಾಗ ಅದರಲ್ಲಿದ್ದ ಶಾಲೆ ಕನ್ನಡ ಮಾಧ್ಯಮದ್ದು. ಆಕೆಗೆ ಬರುತ್ತಿದ್ದ ಕನ್ನಡವೆಂದರೆ ಬಸ್ಸಿನ ಫಲಕವನ್ನು ಕೂಡಿಸಿ ಓದುವಷ್ಟು. ಕೆಲಸ ಬಿಡುವಂತಿರಲಿಲ್ಲ, ಮನೆಯಲ್ಲಿ ಸಾಲವಿತ್ತು.

ಆ ಮಾತಿನ ಅನಂತರ ನಾನು ಈ ಚಿತ್ರವನ್ನು ಇನ್ನೊಮ್ಮೆ, ಒಬ್ಬನೇ ಕುಳಿತು ನೋಡಿದೆ. ಈ ಲೇಖನ ಆ ಎರಡನೆಯ ನೋಟದ ಫಲ.

ಮೊದಲಿಗೆ ಚಿತ್ರದ ಸತ್ವವನ್ನು ಹೇಳಿಬಿಡಬೇಕು. ಮಕ್ಕಳನ್ನು ಮಕ್ಕಳಂತೆ ಮಾತನಾಡಿಸುವ ಕನ್ನಡ ಚಿತ್ರಗಳು ಅಪರೂಪ. ದೊಡ್ಡವರ ನೀತಿವಾಕ್ಯಗಳನ್ನು ಚಿಕ್ಕವರ ಬಾಯಿಗೆ ತುರುಕುವುದು ನಮ್ಮ ಮಕ್ಕಳ ಚಿತ್ರಗಳ ಹಳೆಯ ರೋಗ. ಇಲ್ಲಿನ ಪ್ರವೀಣ, ಮಮ್ಮೂಟ್ಟಿ ಮೊದಲಾದ ಹುಡುಗರು ಕರಾವಳಿಯ ಕನ್ನಡವನ್ನು ಅದರ ಎಳೆತ, ಮೊಂಡುತನಗಳ ಸಮೇತ ಆಡುತ್ತಾರೆ. ಪ್ರಕಾಶ್ ತೂಮಿನಾಡು ಅವರ ಭುಜಂಗನಂಥ ವ್ಯಕ್ತಿ ಕುಂಬಳೆ, ಉಪ್ಪಳಗಳ ಯಾವ ಪೇಟೆಯಲ್ಲೂ ಸಿಗಬಹುದು. ವಾಸುಕಿ ವೈಭವ್ ಅವರ ಸಂಗೀತ ಕಥೆಯನ್ನು ಹಿಂದಿಕ್ಕಿ ಮೆರೆಯುವುದಿಲ್ಲ. ಕಾಸರಗೋಡಿನದೆಂದು ತೋರಿಸಿದ ಶಾಲೆ ಗಡಿಯ ಈಚೆಗೆ, ದಕ್ಷಿಣ ಕನ್ನಡ ಜಿಲ್ಲೆಯ ಕೈರಂಗಳದಲ್ಲಿದೆ ಎಂದು ತಿಳಿದಾಗ ನನಗೆ ಸ್ವಲ್ಪ ನಗು ಬಂತು. ಆದರೆ ಅದರಿಂದ ಚಿತ್ರದ ನಂಬಿಕೆಗೆ ಧಕ್ಕೆಯೇನೂ ಇಲ್ಲ. ಗಡಿಯ ಎರಡೂ ಕಡೆ ಮಣ್ಣು ಒಂದೇ ಕೆಂಪು.

ಚಿತ್ರದ ಹೆಸರಂತೂ ಸೊಗಸಾದದ್ದು. ನಮ್ಮೂರ ಶಾಲೆಗಳ ಫಲಕದಿಂದ ಎತ್ತಿ ತಂದಂತಿದೆ. ಜಾಗ ಕೊಟ್ಟವರು, ಫಲಕ ಬರೆಸಿದವರು, ಗಡಿಯಾರ ನೀಡಿದವರು, ಎಲ್ಲರ ಹೆಸರೂ ನಮ್ಮ ಶಾಲೆಗಳ ಗೋಡೆಯ ಮೇಲೆ ಇರುತ್ತದೆ. ಮೂವತ್ತು ವರ್ಷ ಪಾಠ ಮಾಡಿದವರ ಹೆಸರು ಇರುವುದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಚಿತ್ರದ ಹಿಂದಿರುವ ನೋವು ಕಲ್ಪಿತವಾದುದಲ್ಲ. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟರೂ ಅದು ಕಪಾಟಿನಲ್ಲೇ ಉಳಿಯಿತು. ಸ್ವತಃ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, 2015ರಲ್ಲಿ ಆ ಆಸೆಯನ್ನು ಎದೆಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚಿದರು. ರಾಜ್ಯ ಬದಲಾದರೂ ಕನ್ನಡ ಮಾಧ್ಯಮದ ಶಾಲೆಗಳು ಉಳಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವನ್ನು ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕೇರಳ ಸರಕಾರವು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿಗೆ ಅಲ್ಲಿನ ಲೋಕಸೇವಾ ಆಯೋಗ ಪ್ರತ್ಯೇಕವಾಗಿಯೇ ಅರ್ಜಿ ಕರೆಯುತ್ತದೆ. ಇಷ್ಟೆಲ್ಲ ಇದ್ದೂ ಕನ್ನಡ ಸರಿಯಾಗಿ ತಿಳಿಯದವರು ಕನ್ನಡ ತರಗತಿಗಳಿಗೆ ಬಂದದ್ದುಂಟು. ಮಕ್ಕಳು ತರಗತಿ ಬಿಟ್ಟು ಹೊರಬಂದರು, ಹೆತ್ತವರು ಶಾಲೆಯ ಗೇಟಿನ ಮುಂದೆ ನಿಂತರು, ವಿಷಯ ನ್ಯಾಯಾಲಯದವರೆಗೂ ಹೋಯಿತು. ಒಂದರಿಂದ ಹತ್ತನೆಯ ತರಗತಿವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ 2017ರ ಕಾನೂನಿನ ವಿರುದ್ಧವೂ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದಿದ್ದರು. ಅದರ ಮರುವರ್ಷವೇ ಚಿತ್ರ ಬಂತು. ಅದು ಗೆದ್ದುದರಲ್ಲಿ ಆಶ್ಚರ್ಯವಿಲ್ಲ.

ನನ್ನ ತಕರಾರು ಇಲ್ಲಿಂದ ಮುಂದೆ. ಇಷ್ಟು ದೊಡ್ಡ ನೋವಿಗೆ ಚಿತ್ರವು ಕಾರಣವೆಂದು ತೋರಿಸುವುದು ಇಬ್ಬರನ್ನು: ದುರುದ್ದೇಶದ ಒಬ್ಬ ಅಧಿಕಾರಿ, ನಗೆಪಾಟಲಾದ ಒಬ್ಬ ಅಧ್ಯಾಪಕ. ಕಥೆಗೆ ಇದು ಅನುಕೂಲ. ಕೆಟ್ಟವನು ಸೋತರೆ, ಹಾಸ್ಯದವನು ಓಡಿಹೋದರೆ, ಶಾಲೆ ಉಳಿಯಿತೆಂದು ಚಪ್ಪಾಳೆ ತಟ್ಟಬಹುದು. ಆದರೆ ಆ ಅಧ್ಯಾಪಕ ಆಕಾಶದಿಂದ ಬಿದ್ದವನಲ್ಲ. ಅವನಿಗೆ ಯಾರೋ ಪ್ರಮಾಣಪತ್ರ ಕೊಟ್ಟಿದ್ದಾರೆ, ಯಾರೋ ಸಂದರ್ಶನ ಮಾಡಿದ್ದಾರೆ, ಯಾರೋ ಆದೇಶಕ್ಕೆ ಸಹಿ ಹಾಕಿದ್ದಾರೆ. ಕನ್ನಡ ಜ್ಞಾನವೆಂಬುದು ಕಾಗದದ ಮೇಲಿದ್ದರೆ ಸಾಕು, ಬಾಯಿಯಲ್ಲಿ ಇದೆಯೇ ಎಂದು ಯಾರೂ ಸರಿಯಾಗಿ ನೋಡುವುದಿಲ್ಲ ಎಂಬುದು ಅಲ್ಲಿನ ಕನ್ನಡ ಸಂಘಟನೆಗಳ ಬಹುಕಾಲದ ದೂರು. ಒಬ್ಬ ದುಷ್ಟನೂ ಇಲ್ಲದೆ, ಎಲ್ಲ ಕಡತಗಳೂ ಸರಿಯಾಗಿರುವಾಗಲೇ ಒಂದು ತರಗತಿ ಮೂಕವಾಗಬಹುದು. ಆ ಹೆಚ್ಚಿನ ಭಯಾನಕತೆ ಚಿತ್ರದ ಕೈಗೆ ಸಿಗಲಿಲ್ಲ.

ಟೀಚರ್ ತಮ್ಮ ಮೊದಲ ದಿನದ ಬಗ್ಗೆ ಹೇಳಿದ್ದನ್ನು ಇಲ್ಲಿ ದಾಖಲಿಸುವೆ. ಮಲಯಾಳದಲ್ಲಿ ಭಾಗಾಕಾರಕ್ಕೆ ‘ಹರಣಂ’ ಎನ್ನುತ್ತಾರೆ. ಐದನೆಯ ತರಗತಿಗೆ ಹೋಗಿ, ತಾವು ಬಲ್ಲ ನಾಲ್ಕು ಕನ್ನಡ ಪದಗಳನ್ನು ಜೋಡಿಸಿ, “ಇವತ್ತು ನಾವು ಹರಣ ಮಾಡುವ” ಎಂದರಂತೆ. ಯಕ್ಷಗಾನದ ಪಾರ್ತಿಸುಬ್ಬನ ಸೀಮೆಯ ಮಕ್ಕಳು. ಸೀತಾಪಹರಣವನ್ನೂ ಸುಭದ್ರಾಹರಣವನ್ನೂ ರಾತ್ರಿಯಿಡೀ ನಿದ್ದೆಗೆಟ್ಟು ನೋಡಿದವರು. ಒಬ್ಬ ಹುಡುಗ ಎದ್ದು ನಿಂತು, “ಟೀಚರೇ, ಯಾರನ್ನು?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಯಾಕೆ ನಕ್ಕರೆಂದು ಆಕೆಗೆ ಅರ್ಥವಾದುದು ಮಧ್ಯಾಹ್ನ, ಬಿಸಿಯೂಟದ ಅಡುಗೆ ಮಾಡುವ ಅಕ್ಕ ಬಿಡಿಸಿ ಹೇಳಿದ ಮೇಲೆ. “ಮಕ್ಕಳ ತಪ್ಪಲ್ಲ ಫಾದರ್. ಆದರೆ ನಾನು ಗಣಿತ ಚೆನ್ನಾಗಿ ಕಲಿಸುವವಳು. ಅದನ್ನು ತೋರಿಸಲಿಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷದ ಮಕ್ಕಳಿಗೆ ನಾನು ಏನು ಉತ್ತರ ಕೊಡಲಿ?”

ಈ ಪ್ರಶ್ನೆಯನ್ನು ಚಿತ್ರದ ಅಧ್ಯಾಪಕನ ಬಾಯಿಯಿಂದ ಒಮ್ಮೆ ಕೇಳಿಸಿದ್ದರೆ ಅದು ಬೇರೆಯೇ ಎತ್ತರಕ್ಕೆ ಏರುತ್ತಿತ್ತು. ಅವನನ್ನು ನೋಡಿ ನಗುವ ಹಕ್ಕು ಮಕ್ಕಳಿಗಿದೆ, ಮೋಸಹೋದವರು ಅವರು. ಚಿತ್ರಕ್ಕೂ ನಮಗೂ ಆ ಹಕ್ಕು ಅಷ್ಟು ಸುಲಭವಾಗಿ ದೊರೆಯಬಾರದು.

ಇದನ್ನು ಹೇಳುವಾಗ ನನ್ನದೇ ಒಂದು ಅವಮಾನ ನೆನಪಾಗುತ್ತದೆ. ಗುರುದೀಕ್ಷೆಯಾದ ಹೊಸದರಲ್ಲಿ ತುಳು ಮಾತನಾಡುವ ಬಡವರೇ ಹೆಚ್ಚಾಗಿದ್ದ ಒಂದು ಹಳ್ಳಿಗೆ ನನ್ನನ್ನು ಕಳುಹಿಸಲಾಯಿತು. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರವೆಂದು ಹತ್ತು ವರ್ಷಗಳಿಗೂ ಹೆಚ್ಚು ಕಾಲ ತರಬೇತಿ ಪಡೆದವನು ನಾನು. ಮನೆಮಾತು ಕೊಂಕಣಿ, ಕಲಿತದ್ದು ಗ್ರಾಂಥಿಕ ಕನ್ನಡ. ಮೊದಲ ಭಾನುವಾರದ ಪ್ರಬೋಧನೆಯ ಅನಂತರ ಒಬ್ಬ ವೃದ್ಧೆ ಬಂದು ಕೈಮುಗಿದು, “ಸ್ವಾಮೀ, ತುಂಬ ಚಂದ ಇತ್ತು. ಏನು ಹೇಳಿದ್ದು?” ಎಂದು ಕೇಳಿದಳು. ನನ್ನ ಮುಂದೆ ಕುಳಿತಿದ್ದವರು ದೊಡ್ಡವರು, ಅರ್ಥವಾಗದಿದ್ದರೆ ಕೇಳುವ ಧೈರ್ಯವಿದ್ದವರು. ಏಳು ವರ್ಷದ ಮಗು ಕೇಳುವುದಿಲ್ಲ. ತನಗೆ ಗಣಿತ ಬರುವುದಿಲ್ಲವೆಂದು ತೀರ್ಮಾನಿಸಿ ಸುಮ್ಮನಾಗುತ್ತದೆ.

ಆದುದರಿಂದ ಇಬ್ಬರ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ನಾನು ಹೇಳುತ್ತಿಲ್ಲ. ಹೊಂದಿಕೊಳ್ಳುವ ಹೊಣೆ ಸಂಬಳ ಪಡೆಯುವ ವಯಸ್ಕನದು, ಅವನನ್ನು ಕಳುಹಿಸುವ ಇಲಾಖೆಯದು, ಮಗುವಿನದಲ್ಲ. ನನ್ನ ಮಾತು ಇಷ್ಟೆ: ಹೊಂದಿಕೊಳ್ಳಲು ಅವನಿಗೆ ದಾರಿಯನ್ನು ಯಾರಾದರೂ ತೋರಿಸಿದ್ದರೇ?

ದಾರಿ ಇಲ್ಲದಿಲ್ಲ. ಚಿತ್ರದ ಎರಡನೆಯ ಭಾಗದಲ್ಲಿ ಮಕ್ಕಳು ಶಾಲೆಯನ್ನು ಉಳಿಸುವವರನ್ನು ಹುಡುಕಿಕೊಂಡು ಮೈಸೂರಿಗೆ ಹೋಗುತ್ತಾರೆ. ಅನಂತನಾಗ್ ಅವರ ಅನಂತಪದ್ಮನಾಭ ಅಲ್ಲಿಂದ ಬಂದು ನ್ಯಾಯಾಲಯದಲ್ಲಿ ವಾದಿಸುತ್ತಾರೆ. ಅನಂತನಾಗ್ ಅವರ ನಟನೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಮಕ್ಕಳು ಹುಡುಕಬೇಕಾದುದು ಮೈಸೂರಿನಲ್ಲೇ ಇನ್ನೊಂದೆಡೆ ಇತ್ತು. 1969ರಲ್ಲಿ ಅಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವು ದಕ್ಷಿಣದ ಭಾಷೆಗಳಿಗೆ ಒಂದು ಪ್ರಾದೇಶಿಕ ಭಾಷಾ ಕೇಂದ್ರವನ್ನು ನಡೆಸಿಕೊಂಡು ಬಂದಿದೆ. ರಾಜ್ಯ ಸರಕಾರಗಳು ಕಳುಹಿಸಿಕೊಟ್ಟ ಸೇವಾನಿರತ ಅಧ್ಯಾಪಕರು ಅಲ್ಲಿ ಹತ್ತು ತಿಂಗಳು ಕುಳಿತು, ತಮ್ಮದಲ್ಲದ ಒಂದು ಭಾಷೆಯನ್ನು, ಕನ್ನಡವನ್ನೋ ಮಲಯಾಳವನ್ನೋ ತಮಿಳನ್ನೋ ತೆಲುಗನ್ನೋ ಕಲಿಯುತ್ತಾರೆ. ಮಲಯಾಳಿ ಅಧ್ಯಾಪಕನು ಕನ್ನಡ ಕಲಿತ ಬಳಿಕ ತರಗತಿಗೆ ಹೋಗುವ ವ್ಯವಸ್ಥೆ ಕಲ್ಪನೆಯಲ್ಲ. ಬಸ್ಸಿನಲ್ಲಿ ಒಂದು ದಿನದ ದಾರಿ. ಚಿತ್ರದ ಮಕ್ಕಳು ಆ ಊರಿನಿಂದ ಒಬ್ಬ ಭಾಷಣಕಾರನನ್ನು ಕರೆತಂದರು.

ಹತ್ತು ತಿಂಗಳು ಸಾಕೇ ಎಂದು ಕೇಳಬಹುದು. ಪೇಟೆಯಲ್ಲಿ ಮಾತನಾಡಲು, ಪತ್ರ ಬರೆಯಲು ಸಾಕು. ಭಿನ್ನರಾಶಿಯನ್ನು ಬಿಡಿಸಿ ಹೇಳಲು ಬೇರೆಯೇ ಒಂದು ಸಿದ್ಧತೆ ಬೇಕು, ಮತ್ತು ಅದು ಊಹಿಸಿದಷ್ಟು ದೊಡ್ಡದಲ್ಲ. ಸಂಕಲನ, ವ್ಯವಕಲನಗಳು ಎರಡೂ ಭಾಷೆಗಳಲ್ಲಿ ಒಂದೇ. ನಮ್ಮ ಗುಣಾಕಾರ ಅಲ್ಲಿ ‘ಗುಣನಂ’, ಕಿವಿಗೆ ಕಷ್ಟವಾಗದು. ನಾವು ಲ.ಸಾ.ಅ. ಎನ್ನುವುದು ಅವರಿಗೆ ‘ಲಸಾಗು’; ಮ.ಸಾ.ಅ. ಎನ್ನುವುದು ‘ಉಸಾಘ’. ಚೌಕ ‘ಸಮಚತುರಂ’ ಆಗುತ್ತದೆ. ಹರಣದಂಥ ಅಪಾಯಕಾರಿ ಪದಗಳು ಕೈಬೆರಳೆಣಿಕೆಯಷ್ಟು. ಪ್ರಾಥಮಿಕ ತರಗತಿಗಳ ಗಣಿತಕ್ಕೆ ಬೇಕಾದ ಪದಗಳೆಲ್ಲ ಕೆಲವೇ ಪುಟಗಳಲ್ಲಿ ಮುಗಿಯುತ್ತವೆ. ಕೇರಳದಲ್ಲಿ ಅಧ್ಯಾಪಕರಿಗೆ ಬೇಸಗೆ ರಜೆಯ ತರಬೇತಿಗಳು ನಡೆಯುತ್ತವೆ; ಕಾಸರಗೋಡಿಗೆ ಮಾಯಿಪ್ಪಾಡಿಯಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯೇ ಇದೆ. ಟೀಚರ್‌ಗೆ ಆದೇಶದ ಜತೆಗೆ ಅಂಥ ನಾಲ್ಕು ಪುಟಗಳು ಸಿಕ್ಕಿದ್ದರೆ ಆ ಎರಡು ವರ್ಷಗಳು ಆರು ತಿಂಗಳಾಗುತ್ತಿದ್ದವು ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ಅವರು ತಪ್ಪುವವರಲ್ಲ.

ಇನ್ನೊಂದು ವಿಷಯವನ್ನು ಚಿತ್ರವು ಸುಲಭವಾಗಿ ದಾಟಿಹೋಗುತ್ತದೆ. ‘ಮಾತೃಭಾಷೆಯ ಶಾಲೆ’ ಎಂದು ನಾವು ಭಾವುಕರಾಗಿ ಹೇಳುವ ಈ ಶಾಲೆಗಳಲ್ಲಿ ಕನ್ನಡ ಎಷ್ಟು ಮಕ್ಕಳ ಮನೆಮಾತು? ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಮನೆಗಳ ಮಕ್ಕಳು ಕುಳಿತಿರುತ್ತಾರೆ. ಚಿತ್ರದಲ್ಲೇ ಮಮ್ಮೂಟ್ಟಿ ಎಂಬ ಹುಡುಗನಿದ್ದಾನೆ. ಕನ್ನಡವು ಇವರಿಗೆಲ್ಲ ಕಲಿಕೆಯ ಭಾಷೆ, ಪರಂಪರೆಯಾಗಿ ಬಂದ ಭಾಷೆ. ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ ಆಗಿತ್ತು. ಹಾಗಾದರೆ ಒಂದನೆಯ ತರಗತಿಯಲ್ಲಿ ಅಚ್ಚ ಕನ್ನಡದ ಅಧ್ಯಾಪಕರೂ ತುಳುವಿನ ಒಂದು ಮಾತು, ಬ್ಯಾರಿಯ ಒಂದು ಮಾತು ಆಡಬಲ್ಲವರಾಗಿರಬೇಡವೇ? ಮಲಯಾಳಿ ಮಾಷನ್ನು ಕಂಡು ನಕ್ಕ ನಾವು, ಕೊಂಕಣಿ ಮಾತ್ರ ಬಲ್ಲ ನಮ್ಮ ಮಕ್ಕಳ ಮುಂದೆ ಗ್ರಾಂಥಿಕ ಕನ್ನಡ ಸುರಿದು ಹೋದ ಮಾಸ್ತರರನ್ನು ನೆನಪಿಸಿಕೊಳ್ಳುವುದಿಲ್ಲ. ಅವರಿಗೂ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಅಧ್ಯಾಪಕರ ಕೋಣೆಯ ಮಾತೂ ಇಷ್ಟೇ. ಕಾಸರಗೋಡಿನ ಎಷ್ಟೋ ಶಾಲೆಗಳಲ್ಲಿ ಕನ್ನಡ, ಮಲಯಾಳ ಎರಡೂ ಮಾಧ್ಯಮಗಳು ಒಂದೇ ಸೂರಿನಡಿ ನಡೆಯುತ್ತವೆ. ಹಿಂದಿಯವರು, ಅರಬಿಯವರು, ಉರ್ದು, ಸಂಸ್ಕೃತದವರು ಒಟ್ಟಿಗೆ ಕುಳಿತು ಚಹಾ ಕುಡಿಯುತ್ತಾರೆ. ಈ ಬಗೆಬಗೆಯ ಜನ ಇರುವುದು ಶಾಲೆಗೆ ಭಾಗ್ಯ. ಕನ್ನಡ ಮಾಧ್ಯಮದ ಮಗುವೂ ನಾಳೆ ತಿರುವನಂತಪುರದಿಂದ ಬರುವ ಸುತ್ತೋಲೆಯನ್ನು ಓದಬೇಕು, ಪಂಚಾಯಿತಿ ಕಚೇರಿಯಲ್ಲಿ ಮಾತನಾಡಬೇಕು. ಎರಡೂ ಭಾಷೆಗಳಲ್ಲಿ ಕಾಲೂರಿದ ಟೀಚರ್ ಆ ಮಗುವಿಗೆ ಸೇತುವೆ. ಮಲಯಾಳಿಗಳೇ ಬೇಡವೆಂದು ಬಾಗಿಲು ಹಾಕಿಕೊಂಡರೆ ಮಗು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನೂ ಒಂದು ಒಳ್ಳೆಯ ಚಿತ್ರ ತೋರಿಸಬಹುದಿತ್ತು. ಬಾಗಿಲು ತೆರೆಯುವ ಮೊದಲು ಭಾಷೆ ಕಲಿಸಿ ಎಂಬುದು ಬೇರೆ ಮಾತು.

ಗಡಿಯ ಈಚೆಗೆ ಇರುವವರು ಈ ಚಿತ್ರವನ್ನು ನೋಡಿ ಕೇರಳವನ್ನು ಬೈದು ಎದ್ದುಹೋಗುವುದನ್ನು ಕಂಡಿದ್ದೇನೆ. ಕರ್ನಾಟಕ ಸರಕಾರವೂ ಉರ್ದು, ಮರಾಠಿ, ತೆಲುಗು, ತಮಿಳು ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಕೆ ಕಡ್ಡಾಯವೆಂದು 2015ರಲ್ಲಿ ಕಾನೂನನ್ನೂ ಮಾಡಿದೆ. ಬೆಳಗಾವಿಯ ಮರಾಠಿ ಮಗುವಿಗೆ, ಬಳ್ಳಾರಿಯ ತೆಲುಗು ಮಗುವಿಗೆ ಗಣಿತವನ್ನು ಅದರ ಭಾಷೆಯಲ್ಲಿ ಹೇಳಬಲ್ಲವರನ್ನೂ, ಕನ್ನಡವನ್ನು ಪ್ರೀತಿಯಿಂದ ಕಲಿಸಬಲ್ಲವರನ್ನೂ ನಾವು ಎಷ್ಟು ಶ್ರದ್ಧೆಯಿಂದ ತಯಾರಿಸುತ್ತೇವೆ? ಆ ಮಕ್ಕಳ ಕಥೆಯನ್ನು ಒಂದು ಕನ್ನಡ ಚಿತ್ರ ಹೇಳಿದ ದಿನ ನಾನು ಇನ್ನೂ ಹೆಚ್ಚು ಚಪ್ಪಾಳೆ ತಟ್ಟುವೆ.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳೂ ಈ ವಿಮರ್ಶೆಯಿಂದ ಹೊರಗಿಲ್ಲ. ಶಿಬಿರದ ದಿನ ಚಪ್ಪಾಳೆ ತಟ್ಟಿದ ಹೆತ್ತವರಲ್ಲಿ ಹೆಚ್ಚಿನವರ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. ಅದು ಅವರವರ ನಿರ್ಧಾರ, ದೂರುವುದಿಲ್ಲ. ಆದರೆ ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡಿಗರೇ ಬೇಕೆಂದು ಕೇಳುವಾಗ, ಅರ್ಜಿ ಹಾಕಲು ನಮ್ಮ ಮನೆಯಿಂದ ಯಾರು ಸಿದ್ಧರಿದ್ದಾರೆಂದೂ ನೋಡಬೇಕಲ್ಲವೇ? ಕೇರಳದಲ್ಲಿ ಅಧ್ಯಾಪಕರಾಗಲು ಅಲ್ಲಿನ ಅರ್ಹತಾ ಪರೀಕ್ಷೆಯನ್ನು ಗೆಲ್ಲಬೇಕು. ಮಂಗಳೂರಿನಲ್ಲಿ ಪದವಿ ಪಡೆದವರು ಅದು ಅಲ್ಲಿನ ಪದವಿಗೆ ಸಮಾನವೆಂದು ತೋರಿಸುವ ಕಾಗದಕ್ಕಾಗಿ ಅಲೆಯಬೇಕು. ಈ ಸುತ್ತಾಟವನ್ನು ತಿಳಿಸಿಕೊಟ್ಟು, ಅರ್ಜಿಯ ಕಾಲದಲ್ಲಿ ನೆನಪಿಸುವವರಿದ್ದರೆ ಎಷ್ಟೋ ಹೆಣ್ಣುಮಕ್ಕಳು ಮುಂದೆ ಬರುತ್ತಾರೆ. ಚಿತ್ರದಲ್ಲಿ ಶಾಲೆಯನ್ನು ಉಳಿಸಿದ್ದು ನ್ಯಾಯಾಲಯದ ಒಂದು ಭಾಷಣ. ತೀರ್ಪು ಬಂದ ಮರುದಿನ ಐದನೆಯ ತರಗತಿಗೆ ಗಣಿತ ಕಲಿಸಲು ಯಾರು ಹೋದರು? ತೆರೆಯ ಮೇಲೆ ಅದಕ್ಕೆ ಉತ್ತರವಿಲ್ಲ.

ಟೀಚರ್ ಬಳಿ ಇನ್ನೂರು ಪುಟದ ಒಂದು ಹಳೆಯ ನೋಟುಪುಸ್ತಕವಿದೆ. ಕಳೆದ ವಾರ ನನಗೆ ತೋರಿಸಿದರು. ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ. ಕೆಲವೆಡೆ ಮೂರನೆಯ ಸಾಲಿನಲ್ಲಿ ಪೆನ್ಸಿಲಿನಿಂದ ಬರೆದ ತುಳು, ಅದು ಅಡುಗೆಯ ಅಕ್ಕ ಹೇಳಿಕೊಟ್ಟದ್ದು. ಮೊದಲ ಪುಟದಲ್ಲಿ ‘ಹರಣಂ’ ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ. ಈ ಜೂನ್ ತಿಂಗಳಲ್ಲಿ ಪಕ್ಕದ ಊರಿನ ಶಾಲೆಗೆ ಹೊಸದಾಗಿ ಬಂದ ಒಬ್ಬ ಮಲಯಾಳಿ ತರುಣ ಅದನ್ನು ಕೇಳಿಕೊಂಡು ಬಂದು, ಮೊದಲ ನಲವತ್ತು ಪುಟಗಳನ್ನು ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿಕೊಂಡು ಹೋದನಂತೆ.